ಗಡಿಗೆಯ ಹುಡುಗಿಗೆ ಎರಡು ಮುಖ

ಹೊಳೆಯ ದಂಡೆಗೆ ಒಂದು ತಗಡಿನ ಶೆಡ್ಡು. ಊರವರು ತಮಾಷೆಗೆ ಅದನ್ನು ಮಠ ಅನ್ನುತ್ತಿದ್ದರು, ಒಳಗಿದ್ದ ಮೌನೇಶಪ್ಪ ಪತ್ತಾರರನ್ನು ಮಠದ ಸ್ವಾಮಿಗಳನ್ನು ಕರೆದ ಹಾಗೆ ಅಜ್ಜಾರು ಅನ್ನುತ್ತಿದ್ದರು.

ಅಜ್ಜಾರಿಗೆ ಒಂದು ಮಂತ್ರವೂ ಬರುತ್ತಿರಲಿಲ್ಲ. ಬರುತ್ತಿದ್ದುದು ಒಂದೇ ವಿದ್ಯೆ: ನೆಲದಡಿ ಸಿಕ್ಕ ಹಳೇ ಕಾಲದವರ ತಲೆಬುರುಡೆಯ ಅಚ್ಚು ತೆಗೆದು, ಅದರ ಮೇಲೆ ಮಣ್ಣು ಮೆತ್ತಿ ಮುಖ ಮಾಡುವುದು.

ಅವರಿಗೆ ಒಬ್ಬಳೇ ಶಿಷ್ಯೆ, ಸಾವಂತ್ರಿ. ಕರೆಯದೆ ಬಂದವಳು. ಕಲಿಸಿರಿ ಅಂತ ಬಾಗಿಲಲ್ಲಿ ಕೂತವಳು ಮಳೆ ಬಂದರೂ ಏಳಲಿಲ್ಲ. ಯಾಕೆ ಕಲಿಯಬೇಕು ಅಂತ ಅವರು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಲ್ಲೇ ತಪ್ಪಾಯಿತು ನೋಡಿ.

ಆ ವರ್ಷ ಹೊಳೆಯಾಚೆಯ ಗುಡ್ಡದ ಬುಡದಲ್ಲಿ ಅಗೆಯುತ್ತಿದ್ದವರಿಗೆ ಒಂದು ದೊಡ್ಡ ಗಡಿಗೆ ಸಿಕ್ಕಿತು. ಒಳಗೆ ಒಂದು ಮಗು, ಮೊಣಕಾಲು ಮಡಚಿಕೊಂಡು ಮಲಗಿತ್ತು. ಕೊರಳಲ್ಲಿ ಮಣಿಸರ. ಮೂರು ಸಾವಿರ ವರ್ಷಕ್ಕೂ ಹಳೆಯದು ಅಂದರು. ಗಂಡೋ ಹೆಣ್ಣೋ ಅಂತ ಎಲುಬು ನೋಡಿ ಹೇಳಲಾಗದಷ್ಟು ಎಳೆಯದು.

ಕಿವಿಯ ಹತ್ತಿರದ ಗಟ್ಟಿ ಎಲುಬನ್ನು ಕೊರೆದು, ಪುಡಿಯನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಿದ್ದರು. ನಮ್ಮ ಬಿಸಿಲಿಗೆ ಎಲುಬಿನೊಳಗೆ ಅದು ಉಳಿಯುವುದೇ ಅಪರೂಪ. ಈ ಮಗುವಿನದು ಹೇಗೋ ಉಳಿದಿತ್ತು.

ಸಾವಂತ್ರಿ ಅಚ್ಚಿನ ಮೇಲೆ ಮುಖ ಕೂರಿಸಿ ಮುಗಿಸುವ ಹೊತ್ತಿಗೆ ವರದಿ ಬಂತು.

“ಓದವ್ವಾ,” ಅಂದರು ಗುರುಗಳು.

“ಹೆಣ್ಣುಮಗು ಅಂತ್ರಿ, ಅಜ್ಜಾರ.” ಸಾವಂತ್ರಿ ಸಾಲಿಗೆ ಬೆರಳಿಟ್ಟು ಓದಿದಳು. “ಮೈ ಕರೀದು. ಕಣ್ಣು ಕಂದು. ಕೂದಲಾ ಗುಂಗುರು ಇದ್ದಿರಬೇಕಂತ.”

“ಬಣ್ಣ ಕಲಸು ಮತ್ತ.”

ಅವಳು ಹಂಚಿನ ಚೂರಿನ ಮೇಲೆ ಬಣ್ಣ ಕಲಸಿದಳು. ಎಂದೂ ನಗದವಳು ಅವತ್ತು ತನ್ನಷ್ಟಕ್ಕೆ ನಗುತ್ತಿದ್ದಳು. ಕಲಸಿ ಆದಮೇಲೆ ಎದ್ದುಹೋಗಿ, ಮೂಲೆಯ ಗಂಟಿನಿಂದ ಒಂದು ಚೀಲ ತಂದು ಗುರುಗಳ ಮುಂದಿಟ್ಟಳು. ಯಾವುದೋ ಸಣ್ಣ ಹುಡುಗಿಯ ಹೂವಿನ ಲಂಗ ಬಿಚ್ಚಿ ಹೊಲಿದ ಚೀಲ.

“ಇದೇನ ತಂಗಿ?”

“ನನ್ನ ಮಗಳು ಕಸ್ತೂರಿ ಲಂಗರಿ. ಜ್ವರ ಬಂದು ಹೋದ್ಲು. ನಮ್ಮ ಹೊಲದ ಬದುವಿನ್ಯಾಗ ಹೂಳಿದ್ವಿ. ಅಕಿನೂ ಹಿಂಗ ಕರೀಯಾಕಿ, ಗುಂಗುರು ಕೂದಲದಾಕಿ.”

ಅವಳು ಲಂಗದ ಹೂವಿನ ಮೇಲೆ ಬೆರಳಾಡಿಸಿದಳು.

“ಅಕಿ ಮುಖ ನನಗ ಮರತೈತ್ರಿ.”

ಹೇಳಿದವಳೇ ಬಾಯಿಗೆ ಸೆರಗು ಒತ್ತಿಕೊಂಡಳು. ಅಯ್ಯೋ, ಹೆತ್ತವಳ ಬಾಯಲ್ಲಿ ಬರುವ ಮಾತೇ ಅದು? ಆದರೆ ಬಂದುಬಿಟ್ಟಿತ್ತು.

“ಫೋಟೋ ಇಲ್ಲೇನು?”

“ಇದ್ದದ್ದು ಒಂದ. ಸಂತಿಯಾಗ ತೊಡಿ ಮ್ಯಾಲ ಕೂಡಿಸಿಕೊಂಡು ತಗಸಿದ್ದೆ. ಒಬ್ಬಾಕಿನ ಕತ್ತಲಾಗ ಅಂಜತಾಳ, ಅವ್ವನ ಮುಖಾ ನೋಡಕೋತ ಇರಲಿ ಅಂತ, ಮಣ್ಣು ಹಾಕೂ ಮುಂದ ಅಕಿ ಕೈಯಾಗ ಕೊಟ್ಟುಬಿಟ್ಟೆ. ನನಗೇನು, ಮಗಳ ಮುಖಾ ಮರೀತೈತೇನು ಅಂದಕೊಂಡಿದ್ದೆ.”

ಹೊರಗೆ ಯಾರೋ ಎಮ್ಮೆಗಳನ್ನು ಹೊಳೆಗೆ ಹೊಡೆದುಕೊಂಡು ಹೋದರು. ಗುರುಗಳು ಚೀಲದ ಬಾಯಿ ಬಿಡಿಸಿ ನೋಡಿದರು, ಖಾಲಿ ಇತ್ತು.

“ಅಕಿ ಎಲುಬು ತೆಗೆದು ಇದರಾಗ ತರಬೇಕಂತಿ.”

“ಹೌದ್ರಿ. ನಾಳೆ ಮುಂಜಾನೆ. ಮನಿಯವರೂ ಒಪ್ಪ್ಯಾರ. ಇಷ್ಟು ಸಾವಿರ ವರ್ಷದ ಹಿಂದಿನಾಕಿ ಮುಖಾ ಬಂತಂದ್ರ, ನನ್ನ ಕೂಸಿಂದು ಬರೂದಿಲ್ಲೇನ್ರಿ? ಅದಕ್ಕಂತನ ಈ ಕೆಲಸ ಕಲತೀನಿ, ಅಜ್ಜಾರ. ಮತ್ಯಾತಕ್ಕೂ ಅಲ್ಲ.”

ಗುರುಗಳು ಎದ್ದರು. ಗಡಿಗೆಯ ಮಗುವಿನ ಬುರುಡೆಯದೇ ಇನ್ನೊಂದು ಅಚ್ಚು ಅಟ್ಟದ ಮೇಲಿತ್ತು. ಅದನ್ನು ಇಳಿಸಿಕೊಂಡರು. ಸಾವಂತ್ರಿ ಮಾಡಿದ ಮುಖಕ್ಕೆ ಹಸಿ ಅರಿವೆ ಮುಚ್ಚಿದರು.

“ಹೊರಗ ಕೂಡು. ನಾ ಕರಿಯೂತನಕ ಒಳಗ ಬರಬ್ಯಾಡ.”

ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ಕೂತಳು. ಮರುದಿನವೂ ಬಂದು ಹಾಗೆಯೇ ಕೂತಳು. ಹೊಲದ ಬದು ಅಗೆಯಲು ಹೋಗಬೇಕಾದ ದಿನ ಅದು. ಸಿಟ್ಟು ಬಂದಿತ್ತು, ಆದರೂ ಎದ್ದು ಹೋಗಲಿಲ್ಲ. ಒಳಗಿಂದ ಮಣ್ಣು ತಟ್ಟುವ ಸದ್ದು ಬರುತ್ತಲೇ ಇತ್ತು.

ಸಂಜೆಯಾಗುವಾಗ ಕರೆದರು.

ಹಲಗೆಯ ಮೇಲೆ ಎರಡು ಮುಖ ಪಕ್ಕಪಕ್ಕ ಇದ್ದವು. ಒಂದು ಅವಳು ಮಾಡಿದ್ದು, ಒಂದು ಗುರುಗಳು ಮಾಡಿದ್ದು.

“ತಪ್ಪು ಹುಡುಕು.”

ಅವಳು ಸೂಜಿ ಚುಚ್ಚಿ ಮಣ್ಣಿನ ದಪ್ಪ ನೋಡಿದಳು. ಹಣೆ, ಕೆನ್ನೆ, ಗದ್ದ, ಎಲ್ಲ ಸರಿಯಿತ್ತು. ತನ್ನದರಲ್ಲೂ ಸರಿಯಿತ್ತು. ಬುರುಡೆ ಒಂದೇ, ಅಳತೆ ಒಂದೇ. ಆದರೆ ಇವಳು ಮಾಡಿದ ಹುಡುಗಿ ಈಗಷ್ಟೇ ಬೆಲ್ಲ ಕದ್ದು ತಿಂದವಳ ಹಾಗಿದ್ದಳು. ಗುರುಗಳು ಮಾಡಿದ ಹುಡುಗಿ ಯಾರನ್ನೋ ಕಾದು ಕಾದು ಸಾಕಾದವಳು. ಅಕ್ಕ-ತಂಗಿ ಅನ್ನಲಿಕ್ಕೂ ಬರುವಂತಿರಲಿಲ್ಲ.

“ತಪ್ಪಿಲ್ಲರಿ.”

“ಇಲ್ಲ. ಎರಡೂ ಸರಿ ಅದಾವು. ಮೂಗಿನ ತುದಿ, ತುಟಿ, ಕಿವಿ, ಇವನ್ನ ಎಲುಬು ಹೇಳೂದಿಲ್ಲ. ಡಿಎನ್‌ಎ ಬಣ್ಣಾ ಹೇಳತೈತಿ, ಮುಖಾ ಹೇಳೂದಿಲ್ಲ. ಉಳಿದದ್ದು ನೀ ಹಚ್ಚಿದ್ದು, ನಾ ಹಚ್ಚಿದ್ದು.” ಗುರುಗಳು ಬಾಗಿಲ ಕಡೆ ಕೈ ತೋರಿಸಿದರು. “ಈ ಹುಡುಗಿ ಅವ್ವ ಈಗ ಅಲ್ಲಿ ಬಂದು ನಿಂತಳಂತ ತಿಳಿ. ಯಾವುದನ್ನ ಎತ್ತಿಕೊಂತಾಳ?”

ಸಾವಂತ್ರಿ ಎರಡನ್ನೂ ನೋಡಿದಳು. ಮತ್ತೆ ನೋಡಿದಳು. 

“ಯಾವುದನ್ನೂ ಇಲ್ಲರಿ.”

“ಹೂಂ.”

“ಬಣ್ಣಾದರೂ ಸಿಗತೈತಲ್ರಿ? ಅಕಿ ಕಣ್ಣಿನ ಬಣ್ಣ? ಕೂದಲಾ?”

“ಕರೀಯಾಕಿ, ಗುಂಗುರು ಕೂದಲದಾಕಿ ಅಂತ ನಿನ್ನಿ ನೀನ ಹೇಳಿದ್ಯಲ್ಲ. ಅಷ್ಟು ತಿಳಿಯಾಕ ಮಗಳನ್ನ ಅಗೀಬೇಕೇನು?”

ಸಾವಂತ್ರಿ ಚೀಲ ಅವುಚಿಕೊಂಡು ನೆಲದ ಮೇಲೆ ಕೂತಳು. ಅತ್ತಳು ಅಂದರೆ ಸಣ್ಣ ಮಾತಾಗುತ್ತದೆ. ಮಗಳು ಹೋದ ದಿನ ಕೂಡ ಹೀಗೆ ಅತ್ತಿರಲಿಲ್ಲ. ಅವತ್ತು ಮುಖವಾದರೂ ಕಣ್ಣ ಮುಂದಿತ್ತು.

ಗುರುಗಳು ಹಲಗೆಯ ಹತ್ತಿರ ಬಂದರು. ತಾವು ಮಾಡಿದ ಮುಖವನ್ನು ಎರಡೂ ಕೈಯಿಂದ ಅಚ್ಚಿನಿಂದ ಕಿತ್ತು, ಮಣ್ಣು ಕಲಸುವ ತೊಟ್ಟಿಗೆ ಹಾಕಿದರು. ಮುದ್ದೆಯಾಗುವ ಹಾಗೆ ತುಳಿದರು. ಹಲಗೆಯ ಮೇಲೆ ಅವಳ ಹುಡುಗಿ ಒಬ್ಬಳೇ ಉಳಿದಳು.

“ಗಾಳಿಗೆ ಅಕಿ ಮುಖಾ ಬಿರುಕು ಬಿಡತೈತಿ. ಹಸೀ ಅರಿವಿ ಹಾಕು.”

ಅರಿವೆ ಗೂಟಕ್ಕೇ ಇತ್ತು. ಅವಳು ಅದನ್ನು ಮುಟ್ಟಲಿಲ್ಲ.  ಚೀಲದ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಕಸ್ತೂರಿಯ ಲಂಗವನ್ನು ಕೊಡದ ನೀರಿನಲ್ಲಿ ಅದ್ದಿ, ಹಿಂಡಿ, ಗಡಿಗೆಯ ಹುಡುಗಿಗೆ ಕಿವಿ ಮುಚ್ಚುವ ಹಾಗೆ ಹೊದಿಸಿದಳು.

“ಫೋಟೋನೂ ಮಣ್ಣಾಗಿರತೈತ್ರಿ,” ಅಂದಳು ಕೊನೆಗೆ. “ಸತ್ತಮ್ಯಾಲ ಅಲ್ಲೆಲ್ಲರೆ ಅಕಿ ನನಗ ಎದುರಾದ್ರ ಗುರುತು ಸಿಗೂದಿಲ್ಲ. ಯಾರದೋ ಕೂಸು ಅಂತ ಹಾದುಹೋಗಿಬಿಡತೀನಿ. ಹಡದ ಮಗಳನ್ನ ದಾಟಿಕೊಂಡು ಹೋಗಿಬಿಡತೀನ್ರಿ, ಅಜ್ಜಾರ.”

ಗುರುಗಳು ಕೈ ತೊಳೆದುಕೊಂಡರು. ಉಗುರಿನ ಸಂದಿಯ ಮಣ್ಣು ಹೋಗಲಿಲ್ಲ.

“ಅಕಿಗೂ ನಿನ್ನ ಮುಖಾ ಮರತಿರತೈತಿ, ತಂಗಿ,” ಅಂದರು. “ಅಲ್ಲಿ ಸಿಕ್ಕ ಕೂಸಿಗೆಲ್ಲಾ ಮೊದಲ ನಿನ್ನ ಹೆಸರು ಹೇಳಕೋತ ಹೋಗು.”