ಗೈರಾದವಳಿಗೆ ಹಾಕಿದ ಸೊನ್ನೆ

“ಗುರುಗಳೇ, ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎನ್ನುತ್ತಾರೆ. ಹಾಗಿದ್ದ ಮೇಲೆ ಯಾವ ಮಗು ಪರೀಕ್ಷೆಯಲ್ಲಿ ಎಷ್ಟು ಅಂಕ ತೆಗೆಯುತ್ತದೆಂದು ಮೊದಲೇ ಲೆಕ್ಕ ಹಾಕಿದರೆ ತಪ್ಪೇನು?” ಎಂದು ಶಿಷ್ಯ ಕೇಳಿದ. ಅವನು ಮಠದ ಹೈಸ್ಕೂಲಿಗೆ ಹೊಸದಾಗಿ ಮೇಷ್ಟ್ರಾಗಿ ಸೇರಿದ್ದ.

“ತಪ್ಪೋ ಸರಿಯೋ ಆಮೇಲೆ ನೀನೇ ಹೇಳುವೆಯಂತೆ, ಮೊದಲು ಕತೆ ಕೇಳು” ಎಂದರು ಗುರುಗಳು.

ಒಂದು ಊರಿನಲ್ಲಿ ಒಬ್ಬ ಮೇಷ್ಟ್ರಿದ್ದರು. ಹತ್ತನೇ ತರಗತಿಗೆ ಗಣಿತ ಹೇಳುತ್ತಿದ್ದರು. ಕೆಟ್ಟವರೇನಲ್ಲ, ಒಂದು ಮಗುವಿನ ಮೇಲೂ ಕೈ ಎತ್ತಿದವರಲ್ಲ. ಆದರೆ ಒಂದು ವರ್ಷ ಫಲಿತಾಂಶ ಕುಸಿಯಿತು. ಮೇಲಿನವರು ತುಂಬಿದ ಸಭೆಯಲ್ಲಿ ಅವರನ್ನು ಎಬ್ಬಿಸಿ ನಿಲ್ಲಿಸಿ ಬೈದರು. ಆ ಅವಮಾನವನ್ನು ಮೇಷ್ಟ್ರು ಮರೆಯಲಿಲ್ಲ.

ಮರುವರ್ಷ ಎಕ್ಸೆಲ್ ಕಲಿತರು. ಮಕ್ಕಳ ಹೆಸರಿನ ಮುಂದೆ ಜೂನ್, ಜುಲೈ, ಆಗಸ್ಟ್ ಟೆಸ್ಟುಗಳ ಅಂಕ ತುಂಬಿದರು. ಒಂದು ಸೂತ್ರ ಹಾಕಿ ಮೌಸ್ ಹಿಡಿದು ಎಳೆದರು. ಮಾರ್ಚ್‌ವರೆಗಿನ ಅಂಕಗಳು ತಾವಾಗಿಯೇ ಬಂದು ಕೂತವು. ಅಬ್ಬಾ, ಮೇಷ್ಟ್ರ ಸಂತೋಷ ನೋಡಬೇಕಿತ್ತು! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡಿದ್ದೇವೆ. ಇವರು ಜಾತಕವನ್ನೇ ಬರೆದು ಮುಗಿಸಿದರು.

ಪಾಸಾಗುವವರಿಗೆ ಹಸಿರು ಬಣ್ಣ. ಅಂಚಿನಲ್ಲಿರುವವರಿಗೆ ಹಳದಿ. ಆಗದವರಿಗೆ ಕೆಂಪು. ಬೆಳಗಿನ ವಿಶೇಷ ತರಗತಿ ಹಳದಿಯವರಿಗೆ ಮಾತ್ರ. ಹಸಿರಿನವರು ಹೇಗೂ ದಡ ಸೇರುತ್ತಾರೆ, ಕೆಂಪಿನವರಿಗೆ ಹೇಳಿಕೊಡುವುದು ನೀರಿನಲ್ಲಿ ಹೋಮ ಮಾಡಿದ ಹಾಗೆ, ಎಂದುಕೊಂಡರು.

ಆ ತರಗತಿಯಲ್ಲಿ ಕಸ್ತೂರಿ ಎಂಬ ಹುಡುಗಿ ಇದ್ದಳು. ಮೊದಲೆರಡು ಟೆಸ್ಟುಗಳನ್ನು ಚೆನ್ನಾಗಿಯೇ ಬರೆದಿದ್ದಳು. ಆಗಸ್ಟಿನಲ್ಲಿ ತಾಯಿ ಆಸ್ಪತ್ರೆ ಸೇರಿದ್ದರಿಂದ ಟೆಸ್ಟಿಗೆ ಬರಲಿಲ್ಲ. ಗೈರು ಎಂದು ಬರೆದರೆ ಸೂತ್ರ ಒಪ್ಪುತ್ತಿರಲಿಲ್ಲ. ಮೇಷ್ಟ್ರು ಸೊನ್ನೆ ಹಾಕಿದರು. ಅವಳ ಅಂಕ ಜಾರುತ್ತಾ ಹೋಗಿ ಮಾರ್ಚ್‌ನಲ್ಲಿ ಸೊನ್ನೆಗಿಂತಲೂ ಕೆಳಗಿಳಿಯಿತು. ಪಾಪ ಎಂದು ಅದನ್ನೂ ಸೊನ್ನೆ ಮಾಡಿದರು. ಅವಳ ಹೆಸರು ಪಟ್ಟಿಯ ಕೊನೆಗೆ, ಕೆಂಪಿಗೆ ಬಿತ್ತು.

ಕಸ್ತೂರಿ ತಾನಾಗಿಯೇ ಬೆಳಗಿನ ತರಗತಿಗೆ ಬಂದು ಬಾಗಿಲಲ್ಲಿ ನಿಂತಳು. “ಸರ್, ತಪ್ಪಿಹೋದ ಪಾಠ ನನಗೂ ಹೇಳಿಕೊಡಿ” ಎಂದಳು.

“ಇದು ನಿನಗಲ್ಲಮ್ಮ. ಇಲ್ಲಿ ನೋಡು, ಮಾರ್ಚ್‌ನಲ್ಲಿ ನಿನ್ನದು ಏನಿದೆ” ಎಂದು ಮೇಷ್ಟ್ರು ಕಂಪ್ಯೂಟರನ್ನು ಅವಳತ್ತ ತಿರುಗಿಸಿದರು.

ಹುಡುಗಿ ತನ್ನ ಹೆಸರಿನ ಮುಂದಿನ ಕೆಂಪನ್ನು ಬಹಳ ಹೊತ್ತು ನೋಡಿದಳು. “ಇದು ಆಗ್ಲೇ ಆಗಿಹೋಯ್ತಾ ಸರ್?” ಎಂದು ಕೇಳಿದಳು. ಮೇಷ್ಟ್ರಿಗೆ ಪಾಠದ ಅವಸರ. “ಆದ ಹಾಗೇ ಅಂತ ತಿಳ್ಕೋ” ಎಂದರು.

ದಸರಾ ರಜೆ ಮುಗಿದ ಮೇಲೆ ಅವಳು ಶಾಲೆಗೆ ಬರಲಿಲ್ಲ. ಮೇಷ್ಟ್ರು ಹುಡುಕಿಕೊಂಡು ಹೋಗಲಿಲ್ಲ. ಮಾರ್ಚ್‌ನಲ್ಲಿ ಹಳದಿಯವರೆಲ್ಲ ಪಾಸಾದರು. ಬೈದವರೇ ಕರೆದು ಶಾಲು ಹೊದಿಸಿದರು.

ಹೊಸ ವರ್ಷದ ಪಟ್ಟಿಗೆ ಸೂತ್ರ ಬೇಕಾಗಿ ಮೇಷ್ಟ್ರು ಹಳೆಯದನ್ನು ತೆರೆದರು. ಕೊನೆಯಲ್ಲಿದ್ದ ಹೆಸರು ಕಣ್ಣಿಗೆ ಬಿತ್ತು. ಆ ಹುಡುಗಿ ಬರೆಯದ ಟೆಸ್ಟಿಗೆ ತಾನು ಅಂಕ ಕೊಟ್ಟದ್ದು ನೆನಪಾಯಿತು. ಆಗಸ್ಟಿನ ಸೊನ್ನೆಯನ್ನು ಅಳಿಸಿ ಖಾಲಿ ಬಿಟ್ಟರು. ಮಾರ್ಚ್‌ಗೆ ಮತ್ತೆ ಸೂತ್ರ ಹಾಕಿದರು. ಕೆಂಪು ಹೋಗಿ ಹಸಿರಾಯಿತು.

ಅವತ್ತೇ ಕಸ್ತೂರಿಯ ಮನೆ ಕೇಳಿಕೊಂಡು ಹೋದರು. ಹುಡುಗಿ ಇರಲಿಲ್ಲ, ಇಟ್ಟಿಗೆ ಗೂಡಿನ ಕೆಲಸಕ್ಕೆ ಹೋಗಿದ್ದಳು. ತಾಯಿ ಇದ್ದಳು.

“ಪರೀಕ್ಷೆಗಾದ್ರೂ ಹೋಗೇ ಅಂತ ಕೈ ಮುಗಿದೆ ಸ್ವಾಮಿ. ‘ನಂದು ರಿಸಲ್ಟ್ ಆಗ್ಲೇ ಬಂದೈತೆ ಕಣವ್ವ, ಮೇಷ್ಟ್ರೇ ತೋರ್ಸಿದ್ರು’ ಅಂದ್ಲು” ಎಂದಳು ಆ ತಾಯಿ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಬಾಡಿತ್ತು. ಆದರೂ ಅವನು ಹೇಳಿದ: “ಅಯ್ಯೋ, ಆ ಸೊನ್ನೆಯೊಂದನ್ನು ಹಾಕದಿದ್ದರೆ ಸಾಕಿತ್ತು ಗುರುಗಳೇ, ಲೆಕ್ಕ ಸರಿಯಾಗಿ ಬರುತ್ತಿತ್ತು.”

“ಲೆಕ್ಕ ಸರಿಯಾಗಿಯೇ ಬಂದಿದ್ದರೆ, ಪಟ್ಟಿಯ ಕೊನೆಗೆ ಉಳಿಯುವ ಮಗುವಿಗೆ ಮೇಷ್ಟ್ರು ಯಾರಪ್ಪಾ?” ಎಂದರು ಗುರುಗಳು.