ಮೈಸೂರು ತಾಸಿನ ಹಾದಿ

ವಿಮಾನ ಬಂದ ಮೇಲೆ ಊರುಗಳ ದೂರವನ್ನು ಯಾರೂ ಮೈಲಿಯಲ್ಲಿ ಹೇಳುವುದಿಲ್ಲ, ತಾಸಿನಲ್ಲಿ ಹೇಳುತ್ತಾರೆ. ಜಾಣರಿಗೆ ಅದರಿಂದ ತೊಂದರೆಯಿಲ್ಲ. ಹುಬ್ಬಳ್ಳಿಯ ಫಕೀರವ್ವನ ಮಗ ಯಮನಪ್ಪ ಜಾಣನಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು; ಅದೇ ಅವನ ರೋಗ.

ಮೈಸೂರಿಗೆ ಕೊಟ್ಟ ಮಗಳು ರತ್ನವ್ವನಿಗೆ ಆ ಸಂಜೆ ಕುಬಸ. ಬಸುರಿ ತವರಿನ ಹಸಿರು ಸೀರೆ ಉಟ್ಟೇ ಆರತಿಗೆ ಕೂರಬೇಕು. ಸೀರೆ ಮುಟ್ಟದಿದ್ದರೆ ಬೀಗಿತ್ತಿ ವರ್ಷವಿಡೀ ಆಡಿಕೊಳ್ಳುತ್ತಾಳೆ. ಒಯ್ಯಬೇಕಾದ ಫಕೀರವ್ವ ಹಿಂದಿನ ದಿನವೇ ಬಚ್ಚಲಲ್ಲಿ ಜಾರಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚ ಹಿಡಿದಿದ್ದಳು. ಬಸ್ಸು ಮುಟ್ಟುವಷ್ಟರಲ್ಲಿ ಆರತಿ ಮುಗಿದಿರುತ್ತದೆ. ಉಳಿದದ್ದು ವಿಮಾನ, ಉಳಿದವನು ಯಮನಪ್ಪ.

"ಹೆದರಬ್ಯಾಡೋ ಯಮನ್ಯಾ, ಮೈಸೂರು ತಾಸಿನ ಹಾದಿ," ಎಂದು ಟಿಕೀಟು, ಸೀರೆಯ ಗಂಟು ಎರಡೂ ಕೈಗಿಟ್ಟಳು.

ತಾಸಾಯಿತು. ಫೋನ್ ಬಂತು.

"ಅವ್ವಾ, ಮೈಸೂರಾಗ ಬರೇ ಇಟ್ಟಂಗಿ ಭಟ್ಟಿ ಅದಾವಲ್ಲ. ಅಕ್ಕನ ಮನಿ ಎಲ್ಲೈತಿ?"

"ಎಲ್ಲಿದ್ದೀಯೋ?"

"ಗೊತ್ತಿಲ್ಲ. ತಾಸು ನಡದೆ, ನಿಂತೆ."

"ನಡಿಯೂದಲ್ಲೋ ಕೋಣ! ಆಟೋ ಹಿಡಿದು ಏರ್‌ಪೋರ್ಟಿಗೆ ಹೋಗು. ಹೋಗಿ ಸುಮ್ನ ಕುಂದರು. ತಾಸು ಕುಂತಿ ಅಂದ್ರ ಮೈಸೂರು ತಾನ ಬರ್ತೈತಿ."

"ಆಗಲೆವ್ವಾ."

ಮಧ್ಯಾಹ್ನ ಜೀವ ತಡೆಯದೆ ಅವಳೇ ಫೋನ್ ಮಾಡಿದಳು. ಅವನ ಹಿಂದೆ ಯಾರೋ ಹುಡುಗಿ ಮೈಕಿನಲ್ಲಿ ಕೂಗುತ್ತಿದ್ದಳು.

"ಏನೋ ಅದು, ನಿನ್ನ ಹೆಸರು ಕರದಂಗಾತು?"

"ಹೂಂ, ಆವಾಗಿಂದ ಕರ್ಯಾಕತ್ತಾರ. ಕಡೇ ಸಲ ಅಂತಾರ, ಮತ್ತ ಕರೀತಾರ."

"ಏಳಬಾರದೇನೋ?"

"ಎದ್ರ ಮೈಸೂರು ಹ್ಯಾಂಗ ಬರ್ತೈತಿ? ನೀನ ಹೇಳೀದಿ, ಕುಂದರು ಅಂತ."

ಫಕೀರವ್ವ ಸಿಟ್ಟಿಗೆ ಕಾಲು ಝಾಡಿಸಲು ಹೋಗಿ ಅಯ್ಯಯ್ಯೋ ಎಂದಳು. "ಏಳೋ, ಓಡೋ. ನನ್ನ ಮಾತು ಸಾಕು. ಇನ್ನಮ್ಯಾಲ ಅಲ್ಲಿನವರು ಹೇಳಿದ್ದು ಒಂದೂ ಬಿಡದಂಗ ಕೇಳು."

ಓಡಿದ. ಹತ್ತಿದ. ಕೇಳಿದ. ಸೊಂಟಕ್ಕೆ ಬೆಲ್ಟು ಬಿಗಿಯುವುದರಿಂದ ಹಿಡಿದು ಒಂದೂ ಬಿಡಲಿಲ್ಲ.

ಸಂಜೆ ರತ್ನವ್ವನ ಫೋನ್, ಅಳುದನಿ. "ಅವ್ವಾ, ಇವ ಬಂದಾನ. ಗಂಟು ಅವಚಿಕೊಂಡು ಕುಂತಾನ, ಕೊಡವಲ್ಲ. ಆರತಿ ತಾಟು ತಯಾರಾಗೇತಿ, ನಮ್ಮತ್ತಿ ನಗಾಕ ಹತ್ಯಾರ."

"ಅವಗ ಕೊಡು ಫೋನು. ಯಾಕೋ ಯಮನ್ಯಾ?"

"ಸಾಮಾನು ಯಾರ ಕೈಯಾಗೂ ಕೊಡಬ್ಯಾಡ್ರಿ ಅಂತ ಹೇಳ್ಯಾರವ್ವಾ. ಎರಡು ಸಲ ಹೇಳ್ಯಾರ."

"ಅಕ್ಕ ಯಾರೋ ಅಲ್ಲೋ, ಅಕ್ಕ. ಕೊಡು. ಆರತಿ ಮುಗಿದಮ್ಯಾಗ, ಹ್ಯಾಂಗ ಹೋಗೀದಿ ಹಂಗ ಹೊಳ್ಳಿ ಬಾ. ಬ್ಯಾರೇ ಏನೂ ಮಾಡಬ್ಯಾಡ ನನ್ನಪ್ಪ."

ಕೊಟ್ಟ. ರತ್ನವ್ವ ಸೀರೆ ಉಟ್ಟಳು, ಆರತಿಯಾಯಿತು, ಬೀಗಿತ್ತಿ ಸೆರಗು ಮುಟ್ಟಿ ನೋಡಿ ಬಾಯಿ ಮುಚ್ಚಿಕೊಂಡಳು. ಸುದ್ದಿ ಕೇಳಿ ಫಕೀರವ್ವ ಹಾಯಾಗಿ ಕಾಲು ಚಾಚಿದಳು.

ಮರುದಿನ ಬಾಗಿಲಲ್ಲಿ ಯಮನಪ್ಪ. ಕಂಕುಳಲ್ಲಿ ಗಂಟು. ಗಂಟಿನಲ್ಲಿ ಅರಿಷಿಣ ಹತ್ತಿದ ಹಸಿರು ಸೀರೆ.

"ಇದನ್ಯಾಕ ತಂದ್ಯೋ?"

"ಹ್ಯಾಂಗ ಹೋಗೀದಿ ಹಂಗ ಬಾ ಅಂದಿ. ಹೋಗುವಾಗ ಗಂಟಿತ್ತಲ್ಲ."

"ಆಕಿ ಕೊಟ್ಳೇನೋ?"

"ಹಗ್ಗದ ಮ್ಯಾಲ ಹಾಕಿದ್ಳು. ನಾ ಮಡಚಿಕೊಂಡೆ."

ಫಕೀರವ್ವ ಹಣೆ ಹಣೆ ಬಡಿದುಕೊಂಡಳು. "ಕೊಟ್ಟ ಸೀರಿ ಕಸಗೊಂಡು ಹೋದ್ರು ಅಂತಾಳಲ್ಲೋ ಬೀಗಿತ್ತಿ. ಆಕಿ ಕಣ್ಣಿಗೆ ಬೀಳೂದರೊಳಗ ಇದು ಮೈಸೂರು ಮುಟ್ಟಬೇಕು. ಏನ ಮಾಡ್ಲಿ?"

"ಅಷ್ಟ ಅಲ್ಲೇನವ್ವಾ."

ಯಮನಪ್ಪ ಹೊರಗೆ ಕಟ್ಟೆಯ ಮೇಲೆ ಕುಳಿತ. ಗಂಟನ್ನು ತೊಡೆಯ ಮೇಲಿಟ್ಟುಕೊಂಡ. ಹೆಗಲ ಟವೆಲ್ಲನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಂಡ.

"ತಾಸು ತಡಿ. ಮೈಸೂರು ಬರ್ತೈತಿ."