ಬಿಳಿಯ ವರ್ತಕನೂ ‘ಹೋಗಿ ಬರ್ರಿ’ ಎಂಬ ಮಾತೂ

“ಅಜ್ಜಾರ, ಬಾಗಿಲಿಗೆ ಬಂದವರನ್ನು ನೋಯಿಸಬಾರದು ಎನ್ನುತ್ತೀರಿ. ಎಂಥವನು ಬಂದರೂ ನೋಯಿಸಬಾರದೇ?” ಎಂದು ಶಿಷ್ಯ ಕೇಳಿದ. ಅವನ ದನಿ ಏರಿತ್ತು. ಯಾರ ಮೇಲೆ ಸಿಟ್ಟು ಎಂದು ಗುರು ಕೇಳಲಿಲ್ಲ. “ಕೂಡು, ಹೇಳುತ್ತೇನೆ” ಎಂದರು.

ಒಂದೂರಿನಲ್ಲಿ ನೇಕಾರರ ಓಣಿಯಿತ್ತು. ಹಡಗು ಹತ್ತಿ ಬಂದ ಬಿಳಿಯ ವರ್ತಕನೊಬ್ಬ ಸೀರೆ ಕೊಳ್ಳಲು ಅಲ್ಲಿಗೆ ಬಂದ. ಬಿಸಿಲಿಗೆ ಬೆಂದುಹೋಗಿದ್ದ. ನಿಂಬೆವ್ವ ಎಂಬ ನೇಕಾರನ ಹೆಂಡತಿ ಅವನನ್ನು ನೆರಳಲ್ಲಿ ಕೂಡಿಸಿ ಮಜ್ಜಿಗೆ ಕೊಟ್ಟಳು. ಅವನು ಹೊರಟಾಗ, “ಹೋಗಿ ಬರ್ರಿ” ಎಂದಳು.

ವರ್ತಕನ ಜೊತೆ ಎರಡೂ ಮಾತು ಬಲ್ಲ ದುಬಾಷಿಯಿದ್ದ. “ಆಕೆ ಏನೆಂದಳು?” ಎಂದು ವರ್ತಕ ಅವನನ್ನು ಕೇಳಿದ.

“ಹೋಗಿ, ಮತ್ತೆ ಬನ್ನಿ ಎಂದಳು ದೊರೆ.”

“ನಾನಿನ್ನೂ ಹೋಗೇ ಇಲ್ಲ, ಆಗಲೇ ಕರೆಯುತ್ತಾಳೆ!” ಎಂದು ವರ್ತಕ ನಕ್ಕ. ಓಣಿಯೂ ನಕ್ಕಿತು. ಅದು ಕರೆಯಲ್ಲ, ನಮ್ಮ ವಾಡಿಕೆ ಎಂದು ದುಬಾಷಿ ತಿಳಿಸಬಹುದಿತ್ತು. ತಿಳಿಸಲಿಲ್ಲ. ನಗುವ ದೊರೆಯನ್ನು ತಿದ್ದುವವರುಂಟೇ?

ಮರುವರ್ಷ ವರ್ತಕ ಬಂದ. ಓಣಿಯ ತುದಿಯಲ್ಲಿ ಕಲ್ಲಿನ ಉಗ್ರಾಣ ಕಟ್ಟಿಸಿದ. ಹೊರಟಾಗ ಎಲ್ಲರೂ, “ಹೋಗಿ ಬರ್ರಿ” ಎಂದರು. ಅದರ ಮುಂದಿನ ವರ್ಷ ಸಿಪಾಯಿಗಳೊಂದಿಗೆ ಬಂದ. ನೇಯ್ದದ್ದೆಲ್ಲ ತನಗೇ ಕೊಡಬೇಕು, ತಾನು ಹೇಳಿದ್ದೇ ಬೆಲೆ ಎಂದ. ನೇಕಾರರು ಗೋಗರೆದರು. “ನಾನಾಗಿ ಬಂದೆನೇ? ಕರೆದವರು ನೀವು” ಎಂದ, ಅವನ ಬಾಯಿಗೆ ಮಣ್ಣು ಬೀಳಲಿ. ಇಷ್ಟಾದರೂ ಅವನು ಕುದುರೆ ಹತ್ತಿದಾಗ ಓಣಿಯ ನಾಲಿಗೆ ತಾನಾಗಿ, “ಹೋಗಿ ಬರ್ರಿ” ಎಂದಿತು. ರೂಢಿಗೆ ಕಣ್ಣಿಲ್ಲ ನೋಡು.

ನಿಂಬೆವ್ವನ ಮಗಳು ಚೊಚ್ಚಲ ಬಸಿರಿ. ಅವಳ ಕುಬಸದ ದಿನ, ಸೀಮಂತಕ್ಕೆ ಉಡಿಸಲು ಹಸಿರು ಸೀರೆ ಬೇಕಲ್ಲ? ಊರಿಗೆಲ್ಲ ಸೀರೆ ನೇಯ್ದ ಅಪ್ಪ ಮಗಳಿಗೊಂದು ನೇಯಬಾರದೇ? ನೇಯತೊಡಗಿದ. ಸೀರೆ ಅರ್ಧವಾಗಿತ್ತು. ಸುದ್ದಿ ವರ್ತಕನಿಗೆ ಮುಟ್ಟಿತು. ಬಂದವನೇ, “ನನಗಲ್ಲದ್ದು ಈ ಓಣಿಯಲ್ಲಿ ನೇಯುವಂತಿಲ್ಲ” ಎಂದು ಸಿಪಾಯಿಗೆ ಕಣ್ಣಸನ್ನೆ ಮಾಡಿದ. ಸಿಪಾಯಿ ಕುಡುಗೋಲಿನಿಂದ ಮಗ್ಗದ ಹಾಸನ್ನು ಕಡಿದ. ಬಿಗಿದ ಎಳೆಗಳು ಬಿಟ್ಟುಕೊಂಡು ನೇಕಾರನ ಮಡಿಲಿಗೆ ಬಿದ್ದವು. ಅವನು ಮಗ್ಗದ ಗುಂಡಿಯಲ್ಲಿ ಕೂತೇ ಇದ್ದ. ಬಸಿರಿ ಗೋಡೆ ಹಿಡಿದು ನಿಂತಿದ್ದಳು.

ವರ್ತಕ ಅರ್ಧ ಸೀರೆಯನ್ನು ಬಗಲಲ್ಲಿ ಇಟ್ಟುಕೊಂಡು ಹೊರಗೆ ಬಂದು ನಿಂತ. ಅಷ್ಟರಲ್ಲಿ ಅವನೂ ನಾಲ್ಕು ಮಾತು ಕಲಿತಿದ್ದ. “ಏ ನಿಂಬೆವ್ವಾ, ಹೋಗಿ ಬರ್ರಿ ಹೇಳು!” ಎಂದು ಹಲ್ಲು ಬಿಟ್ಟ.

ನಿಂಬೆವ್ವ ಹೊಸಿಲ ಮೇಲೆ ಬಂದು ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಹೋಗು” ಎಂದಳು.

ವರ್ತಕ ಉಳಿದ ಮಾತಿಗೆ ಕಾದ. ಬರಲಿಲ್ಲ. “ಉಳಿದರ್ಧ ಎಲ್ಲಿ?” ಎಂದು ದುಬಾಷಿಯ ಕಡೆ ತಿರುಗಿದ.

“ಅಷ್ಟೇ, ದೊರೆ.”

“ನಿಮ್ಮಲ್ಲಿ ಯಾರಿಗೆ ಹೀಗೆನ್ನುತ್ತಾರೆ?”

ದುಬಾಷಿ ನೆಲ ನೋಡಿದ. “ಹೆಣಕ್ಕೆ, ದೊರೆ. ಹೊರಟ ಹೆಣಕ್ಕೆ ಮಾತ್ರ ನಾವು ಮತ್ತೆ ಬಾ ಅನ್ನುವುದಿಲ್ಲ.”

ವರ್ತಕನ ಕೆಂಪು ಮುಖ ಸುಣ್ಣವಾಯಿತು. ಚಾಟಿ ಎತ್ತಿದ. ಆಗ ಎದುರು ಮನೆಯ ಮುದುಕಿ ಬಾಗಿಲಿಗೆ ಬಂದು, “ಹೋಗು” ಎಂದಳು. ಪಕ್ಕದ ಮನೆಯವಳು, “ಹೋಗೋ” ಎಂದಳು. ಅವನು ಚಾಟಿ ಇಳಿಸಿ ಕುದುರೆ ಹತ್ತಿದ; ಕುದುರೆ ಓಣಿ ದಾಟುವತನಕ ಬಾಗಿಲು ಬಾಗಿಲಲ್ಲೂ ಅದೊಂದೇ ಮಾತು.

ಆ ವಾರ ನೇಕಾರರು ಮಗ್ಗ ಬಿಚ್ಚಿ ಗಾಡಿಗೆ ಹೇರಿದರು. ಬಸಿರಿ ಗಾಡಿಯಲ್ಲೇ ಹೆತ್ತಳು. ಅವಳಿಗೆ ಹಸಿರು ಸೀರೆ ಉಡುವ ಭಾಗ್ಯ ಬರಲಿಲ್ಲ. ಮರುವರ್ಷ ವರ್ತಕ ಬಂದು ಒಂದೊಂದೇ ಬಾಗಿಲು ಬಡಿದ. ಒಳಗೆ ಮಗ್ಗದ ಗುಂಡಿಗಳಿದ್ದವು, ಅಷ್ಟೇ. ಬರಿಗೈಯಲ್ಲಿ ಮರಳಿದವನನ್ನು ಅವನ ಹಡಗಿನವರೇ ಮಾತಾಡಿಸಲಿಲ್ಲ.

ಗುರು ಕತೆ ಮುಗಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಆದರೂ ಅಜ್ಜಾರ, ಮುತ್ತೈದೆ ಹೊಸಿಲ ಮೇಲೆ ನಿಂತು, ಬದುಕಿರುವವನಿಗೆ ಹೆಣದ ಮಾತು ಆಡಿದ್ದು ತಪ್ಪಲ್ಲವೇ?”

“ತಪ್ಪೇ ಮಗಾ, ಬಹಳ ತಡಮಾಡಿ ಆಡಿದಳು.”